ಕೈಗುಣದ ಹುದ್ದೆಯಿಂದ ಬಿಡುಗಡೆ ಕೋರಿ

ಇಂದ,
ಕುಮಾರಿ ಉಚ್ಚೆಂಗಮ್ಮ, ಬಿ.ಎಸ್ಸಿ. (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ),
ಗೌರವ ಕಾರ್ಯದರ್ಶಿ ಹಾಗೂ ಅಧಿಕೃತ ಅದೃಷ್ಟ,
ಚಿತ್ತವಾಡ್ಗಿ ಷೇರುದಾರರ ಬಳಗ,
ಅಡುಗೆಮನೆಯ ಪಕ್ಕದ ಕೋಣೆ, ಚಿತ್ತವಾಡ್ಗಿ, ಹೊಸಪೇಟೆ.

ಗೆ,
ಶ್ರೀ ಭರಮಣ್ಣನವರು,
ಅಧ್ಯಕ್ಷರು, ಚಿತ್ತವಾಡ್ಗಿ ಷೇರುದಾರರ ಬಳಗ
(ಅರ್ಜಿದಾರಳ ತಂದೆಯವರೂ ಹೌದು),
ಪಡಸಾಲೆ, ಅದೇ ಮನೆ.

ದಿನಾಂಕ: ಜುಲೈ 1995ರ ಕೊನೆಯ ಸೋಮವಾರ

ವಿಷಯ: ಅರ್ಜಿದಾರಳನ್ನು 'ಕೈಗುಣ'ದ ಹುದ್ದೆಯಿಂದ ಬಿಡುಗಡೆ ಮಾಡಿ, ಬಳಗದ ಕಬ್ಬಿಣದ ಪೆಟ್ಟಿಗೆಯಲ್ಲಿ ಷೇರುಪತ್ರಗಳ ಕೆಳಗೆ ಸಿಕ್ಕಿಕೊಂಡಿರುವ ಆಕೆಯ ಅಂಕಪಟ್ಟಿಗಳನ್ನು ಹಿಂದಿರುಗಿಸುವ ಕುರಿತು.

ಉಲ್ಲೇಖ:
1. ತಾವು ಊಟಕ್ಕೆ ಕುಳಿತಾಗ ನಾನು ಸಲ್ಲಿಸಿದ ಮೌಖಿಕ ಮನವಿ, ಹಾಗೂ ಅದಕ್ಕೆ ತಮ್ಮ ಉತ್ತರ: "ಮೊದ್ಲು ಉಪ್ಪಿನಕಾಯಿ ಹಾಕು."
2. ಗುಲ್ಬರ್ಗಾ ವಿಶ್ವವಿದ್ಯಾಲಯದ ಎಂ.ಎಸ್ಸಿ. ಭೌತಶಾಸ್ತ್ರ ವಿಭಾಗದ ಪತ್ರ: ಇದೇ ಶುಕ್ರವಾರ ಮೂಲ ಅಂಕಪಟ್ಟಿಗಳೊಂದಿಗೆ ಹಾಜರಾಗತಕ್ಕದ್ದು, ತಪ್ಪಿದಲ್ಲಿ ಸೀಟು ಮುಂದಿನವರ ಪಾಲು.
3. ನಿನ್ನೆಯ ಸಭೆಯಲ್ಲಿ ತಮ್ಮ ಅಪ್ಪಣೆ: "ಬಾಯಿಲೆ ಹೇಳಿದ್ರ ನಡ್ಯಂಗಿಲ್ಲ. ಬರದು ಕೊಡು. ಬಳಗ ಅಂದ್ರ ಶಿಸ್ತು ಇರಬೇಕು."

ಮಾನ್ಯರೇ ('ಅಪ್ಪಾ' ಎಂಬ ಸಂಬೋಧನೆಗೆ ನಮೂನೆಯಲ್ಲಿ ಸ್ಥಳಾವಕಾಶವಿಲ್ಲದ ಕಾರಣ),

ಶಿಸ್ತಿನ ಅಪ್ಪಣೆಯಾಗಿರುವುದರಿಂದ ಶಿಸ್ತಾಗಿಯೇ ಬರೆಯುತ್ತಿದ್ದೇನೆ. ಒಂದೇ ಮನೆಯ ಒಳಕೋಣೆಯಿಂದ ಪಡಸಾಲೆಗೆ ಅರ್ಜಿ ಹೋಗುವುದು ಈ ಓಣಿಯಲ್ಲಿ ಪ್ರಥಮವೆಂದು ನಂಬಲಾಗಿದೆ.

1. ಕಾಲುವೆಗೆ ತಪ್ಪದೆ ನೀರು ಬಂದು, ಕಬ್ಬಿಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷಗಳಲ್ಲಿ ಹೊಸಪೇಟೆಯ ಬುದ್ಧಿವಂತರು ಲಾಡ್ಜು ಕಟ್ಟಿದರು. ಇನ್ನೂ ಬುದ್ಧಿವಂತರು ಎರಡನೆಯ ಟ್ರ್ಯಾಕ್ಟರ್ ಕೊಂಡರು. ತಾವಾದರೋ, ಮುಂದಿನದು ಕಂಪ್ಯೂಟರಿನ ಕಾಲವೆಂದು ಹಂಪಿಯ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಪ್ರವಾಸಿಯೊಬ್ಬರು ಕಮಲಾಪುರ ದಾಟುವಷ್ಟರಲ್ಲಿ ಹೇಳಿ ಮುಗಿಸಿದ್ದನ್ನು ನಂಬಿ, ಈ ಬಳಗವನ್ನು ಸ್ಥಾಪಿಸಿದಿರಿ. ಕಂಪ್ಲಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿರುವ ಎರ್ರಿಯಪ್ಪನವರೂ, ಸಂಡೂರಿನಲ್ಲಿ ಅದಿರು ಲಾರಿ ಓಡಿಸುವ ಪಾಲಪ್ಪನವರೂ ಸದಸ್ಯರಾದರು. ಕಂಪನಿಗಳ ಕಾಗದಗಳು ಇಂಗ್ಲಿಷಿನಲ್ಲಿ ಬರುತ್ತಿದ್ದವಾದ್ದರಿಂದ ಅರ್ಜಿದಾರಳು ಕಾರ್ಯದರ್ಶಿಯಾದಳು. ಆಕೆಯನ್ನು ಯಾರೂ ಕೇಳಲಿಲ್ಲ. ಚಹಾ ತರಲು ಒಳಗೆ ಹೋಗಿದ್ದಳು, ಹೊರಗೆ ಬರುವಷ್ಟರಲ್ಲಿ ಆಯ್ಕೆ ಅವಿರೋಧವಾಗಿತ್ತು.

2. ಪ್ರತಿ ಭಾನುವಾರ ನಮ್ಮ ಗಾಣದ ಮನೆಯಲ್ಲಿ ಸಭೆ. ನಿಯಮದಂತೆ ಪ್ರತಿಯೊಬ್ಬ ಸದಸ್ಯರೂ ಎದ್ದು ನಿಂತು ತಮ್ಮಲ್ಲಿರುವ ಷೇರುಗಳ ಹೆಸರು ಹೇಳಿ, ಆ ವಾರ ತಾವು ಮಾಡಿದ ಒಂದು ತಪ್ಪನ್ನೂ ಅದರಿಂದ ಕಲಿತ ಪಾಠವನ್ನೂ ಉಳಿದವರೊಡನೆ ಹಂಚಿಕೊಳ್ಳತಕ್ಕದ್ದು. ಇದು ಅತ್ಯಂತ ವೈಜ್ಞಾನಿಕ ನಿಯಮ. ಆದರೆ ನಡಾವಳಿಯಲ್ಲಿ ಇದುವರೆಗೆ ದಾಖಲಾಗಿರುವ ತಪ್ಪುಗಳೆಲ್ಲವೂ ಪಕ್ಕದಲ್ಲಿ ಕುಳಿತವರವು. ಉದಾಹರಣೆಗೆ:

"ಈ ವಾರ ನನ್ ತಪ್ಪು ಅಂದ್ರ," ಎಂದು ಎರ್ರಿಯಪ್ಪನವರು ಎದ್ದು ನಿಂತರು, "ಈ ಪಾಲಪ್ಪನ ಮಾತು ಕೇಳಿದ್ದು."

"ಲೇ ಎರ್ರಿ, ನಾ ಹೇಳಿದ್ದು ಪೇಜರ್ ಕಂಪನಿ ಬ್ಯಾಡ ಅಂತ!"

"ಹೌದಪ್ಪ. ನೀ ಬ್ಯಾಡ ಅಂದದ್ದಕ್ಕ ತಗೊಂಡೆ. ನಿನ್ ಮಾತು ಎಂದಾದ್ರೂ ಖರೇ ಆಗೈತೇನು?"

ಪಾಠ: ಶೂನ್ಯ. ಚಹಾ: ಎರಡು ಸುತ್ತು.

3. ಹೊಸ ಕಂಪನಿಗಳ ಷೇರು ಚೀಟಿ ಎತ್ತಿ ಹಂಚಲ್ಪಡುವ ಕಾರಣ, ಮನೆಯಲ್ಲಿರುವ ಎಲ್ಲರ ಹೆಸರಿನಲ್ಲೂ ಅರ್ಜಿ ಹಾಕುವುದು ಬಳಗದ ಪದ್ಧತಿ. ತಮ್ಮ ಹೆಸರಿಗೆ ಬರಲಿಲ್ಲ. ಅವ್ವನ ಹೆಸರಿಗೆ ಬರಲಿಲ್ಲ. ತೀರಿಕೊಂಡ ದುರುಗವ್ವಜ್ಜಿಯ ಹೆಸರಿಗೂ ಬರಲಿಲ್ಲ, ಅದು ಕಂಪನಿಯವರ ಸೌಜನ್ಯ. ಬಂದದ್ದು ನನ್ನ ಹೆಸರಿಗೆ. ಮೊದಲು ತ್ರಿಲೋಕ ಡಿಸ್ಕೆಟ್ಸ್ ಎಂಬ ಫ್ಲಾಪಿ ತಯಾರಿಸುವ ಕಂಪನಿ, ಅನಂತರ ಗರುಡಗಂಬ ಮಾಡೆಮ್ಸ್. ಸಂಭಾವ್ಯತೆಯ ಗಣಿತದಲ್ಲಿ ಇದಕ್ಕೆ ಸರಳ ವಿವರಣೆಯಿದೆ. ನಾನು ಅದನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. ತಾವು ಕೊನೆಯವರೆಗೂ ನೋಡಿ, "ಕೈಗುಣ" ಎಂದಿರಿ. ಅಂದಿನಿಂದ ಮೂವರೂ ಕೊಳ್ಳುವ ಷೇರುಗಳೆಲ್ಲವೂ ನನ್ನ ಹೆಸರಿನಲ್ಲೇ ಇರತಕ್ಕದ್ದೆಂದು ಠರಾವಾಯಿತು. ಆದ್ದರಿಂದ ಕಾಗದದ ಮೇಲೆ ಈ ಓಣಿಯ ಅತಿ ದೊಡ್ಡ ತಂತ್ರಜ್ಞಾನ ಬಂಡವಾಳಗಾರ್ತಿ ನಾನು. ಚಪ್ಪಲಿಯ ಉಂಗುಷ್ಟ ಕಿತ್ತುಹೋದರೆ ಅವ್ವನನ್ನು ಕೇಳಬೇಕು.

4. ಎತ್ತು ಕೊಳ್ಳುವ ಮೊದಲು ಹಲ್ಲು ನೋಡಬೇಕೆಂಬುದು ತಮ್ಮ ಸಿದ್ಧಾಂತವಾದ ಕಾರಣ, ತ್ರಿಲೋಕ ಡಿಸ್ಕೆಟ್ಸ್‌ನ ಕಾರ್ಖಾನೆಯನ್ನು, ಇನ್ನಷ್ಟು ಷೇರು ಕೊಳ್ಳುವ ಮುಂಚೆ, ಪರಿಶೀಲಿಸಲು ತಾವು ಮೂವರೂ ಪಾಲಪ್ಪನವರ ಅದಿರು ಲಾರಿಯಲ್ಲಿ ಹೈದರಾಬಾದಿನ ಹೊರವಲಯಕ್ಕೆ ದಯಮಾಡಿಸಿದ್ದಿರಿ. ಮರಳಿ ಬಂದಾಗ ಮೂವರೂ ಕೆಂಪು ಧೂಳಿನಲ್ಲಿ ಒಂದೇ ಬಣ್ಣವಾಗಿದ್ದಿರಿ. ತಪಾಸಣಾ ವರದಿಯನ್ನು ಪಾಲಪ್ಪನವರು ಮಂಡಿಸಿದರು:

"ಕಾಂಪೌಂಡು ಮಸ್ತ್ ಐತಿ. ನಾಲ್ಕೂ ಕಡಿ ಕಲ್ಲು. ವಾಚ್‌ಮನ್ ಲಾರಿ ನೋಡಿ ಸೆಲ್ಯೂಟ್ ಹೊಡದ."

"ಒಳಗ ಯಂತ್ರ ನಡದಿದ್ವೇನ್ರಿ ಕಾಕಾ?" ಎಂದು ನಾನು ಕೇಳಿದೆ.

"ಒಳಗ ಯಾರು ಬಿಡ್ತಾರವ್ವ? ಸಪ್ಪಳ ಅಂತೂ ಇರಲಿಲ್ಲ."

"ಹೊಗೆ? ಕೆಲಸಗಾರರು? ಸೈಕಲ್ ಸ್ಟ್ಯಾಂಡು?"

ಆಗ ತಾವು ನಕ್ಕಿರಿ. "ಹುಚ್ಚಿ, ಅದೇನು ಸಕ್ಕರಿ ಫ್ಯಾಕ್ಟರಿ ಏನು, ಹೊಗಿ ಬರಾಕ? ಕಂಪ್ಯೂಟರ್ ಅಂದ್ರ ಸುಮ್ನ ಇರ್ತದ."

ಸುಮ್ಮನೆಯೇ ಇತ್ತು. ಮುಂದಿನ ಬೇಸಿಗೆಯಲ್ಲಿ ತಿಳಿದದ್ದೇನೆಂದರೆ, ಅಲ್ಲಿ ಕಾಂಪೌಂಡ್ ಮತ್ತು ವಾಚ್‌ಮನ್ ಬಿಟ್ಟರೆ ಬೇರೇನೂ ಇರಲೇ ಇಲ್ಲ. ಎರಡನ್ನೂ ತಾವು ಸರಿಯಾಗಿಯೇ ಪರಿಶೀಲಿಸಿದ್ದಿರಿ.

5. ಕೆಲಕಾಲ ಏರಿದ್ದ ಷೇರುಗಳ ಧಾರಣೆ ಇಳಿಯತೊಡಗಿದಾಗ, ಮಾರಿಬಿಡೋಣವೆಂದು ನಾನು ಸಭೆಯಲ್ಲಿ ಸೂಚಿಸಿದೆ. ಅದಕ್ಕೆ ಉತ್ತರವಾಗಿ ತಾವು ಮಂಡಿಸಿದ 'ಕೂಳೆ ಸಿದ್ಧಾಂತ'ವನ್ನು ಮುಂದಿನ ಪೀಳಿಗೆಯ ಉಪಯೋಗಕ್ಕಾಗಿ ಯಥಾವತ್ತಾಗಿ ಕೊಡಲಾಗಿದೆ: "ಕಬ್ಬು ಕಡದ ಮ್ಯಾಲ ಹೊಲ ಹೆಂಗ ಕಾಣ್ತದ? ಬೋಳು. ತಿಳೀದವ ಅಂತಾನ, ಮುಗೀತು ಅಂತ. ಬುಡ ಐತಲ್ಲ ಒಳಗ! ನೀರು ಬಿಡು, ಕೂಳೆ ತಾನ ಬರ್ತದ." ಸಭೆ ಚಪ್ಪಾಳೆ ತಟ್ಟಿತು. ನೀರು ಬಿಡುವುದೆಂದರೆ, ಇಳಿದ ಷೇರನ್ನೇ ಇನ್ನಷ್ಟು ಕೊಳ್ಳುವುದು. ಕೊಂಡಿರಿ. ಇನ್ನೂ ಇಳಿಯಿತು. "ನೀರು ಸಾಲದು" ಎಂದಿರಿ. ಮತ್ತೆ ಕೊಂಡಿರಿ.

ಕಾರ್ಯದರ್ಶಿಯಾಗಿ ನನ್ನ ಆಕ್ಷೇಪಣೆ ಇಷ್ಟೇ ಆಗಿತ್ತು. ಕೂಳೆ ಚಿಗುರುವುದು ಬುಡದಲ್ಲಿ ಜೀವವಿದ್ದರೆ. ತಮ್ಮದೇ ಕೆಳಗಿನ ಹೊಲದಲ್ಲಿ ಕೆಂಪು ಕೊಳೆ ರೋಗ ಬಂದಾಗ ತಾವು ಒಂದು ಬುಡವನ್ನು ಸೀಳಿ, ಮೂಸಿ ನೋಡಿ, ಯಾರನ್ನೂ ಕೇಳದೆ ಅದೇ ಸಂಜೆ ಇಡೀ ಹೊಲಕ್ಕೆ ನೇಗಿಲು ಹೂಡಿಸಿದಿರಿ. ಕಬ್ಬಿನ ವಿಷಯದಲ್ಲಿ ತಾವು ವಿಜ್ಞಾನಿ. ಷೇರಿನ ವಿಷಯದಲ್ಲಿ ಮಾತ್ರ ಭಕ್ತರು. ಇದನ್ನು ಸಭೆಯಲ್ಲಿ ಹೇಳಿದ ಕಾರಣ, ಅಂದಿನ ನಡಾವಳಿಯಲ್ಲಿ ನಾನೇ ನನ್ನ ಕೈಯಾರೆ ಬರೆಯಬೇಕಾಗಿ ಬಂದ ಠರಾವು: 'ಧಾರಣೆ ಏರಿದ್ದು ಕಾರ್ಯದರ್ಶಿಯ ಕೈಗುಣದಿಂದ, ಇಳಿದದ್ದು ಆಕೆಯ ನಾಲಿಗೆಯಿಂದ.' ಒಂದೇ ದೇಹದ ಎರಡು ಅಂಗಗಳು ಇಡೀ ಷೇರುಪೇಟೆಯನ್ನು ಏರಿಸಿ ಇಳಿಸುವ ಈ ವಿದ್ಯಮಾನದ ಬಗ್ಗೆ ಭೌತಶಾಸ್ತ್ರದ ಯಾವ ಪಠ್ಯದಲ್ಲೂ ಉಲ್ಲೇಖವಿಲ್ಲ. ಹೆಚ್ಚಿನ ವ್ಯಾಸಂಗಕ್ಕೆ ಇದೂ ಒಂದು ಕಾರಣ.

6. ಈಗ ಮುಖ್ಯ ವಿಷಯ. ಉಲ್ಲೇಖ 2ರ ಪತ್ರ ಬಂದ ಮೇಲೆ ನಾನು ಅಂಕಪಟ್ಟಿಗಳನ್ನು ಕೇಳಿದೆ. ಪೆಟ್ಟಿಗೆಯ ಕೀಲಿ ತಮ್ಮ ಉಡುದಾರದಲ್ಲಿದೆ. ನಿನ್ನೆ ವಿಷಯ ಸಭೆಯ ಮುಂದೆ ಬಂದಾಗ ನಡೆದ ಚರ್ಚೆಯನ್ನು, ನಾನು ಅಲ್ಲಿಯೇ ಕುಳಿತು ಬರೆದುಕೊಳ್ಳುತ್ತಿದ್ದರೂ ಯಾರಿಗೂ ಅದು ಅಡ್ಡಿಯೆನಿಸದ ಕಾರಣ, ಪೂರ್ತಿಯಾಗಿ ಬರೆದುಕೊಂಡಿದ್ದೇನೆ.

"ಹುಡುಗಿ ಗುಲ್ಬರ್ಗಾಕ್ಕ ಹೋದ್ರ ಷೇರು ಮಾರೋ ಹೊತ್ತಿಗೆ ಸಹಿ ಯಾರು ಹಾಕ್ತಾರ?" ಎಂದು ಎರ್ರಿಯಪ್ಪನವರು ಕೇಳಿದರು.

"ಸಹಿ ಬಿಡು, ಕೈಗುಣಾನ ಊರು ಬಿಟ್ರ ಕೂಳೆ ಹೆಂಗ ಬರ್ತದ?" ಎಂದು ತಾವು.

ಪಾಲಪ್ಪನವರು ಪರಿಹಾರ ಸೂಚಿಸಿದರು: "ಕುರೆಕುಪ್ಪದಾಗ ಒಂದು ಹುಡುಗ ಅದಾನ. ತೋರಣಗಲ್ಲಿನ ಹೊಸಾ ಸ್ಟೀಲ್ ಪ್ಲಾಂಟಿನ್ಯಾಗ ಕಂಟ್ರಾಕ್ಟರ್ ಕಡಿ ಸೂಪರ್‌ವೈಜರ್. ಅಲ್ಲಿ ಕೊಟ್ರ ಬಸ್ಸಿಗೆ ಭಾಳ ಹತ್ರ. ಸಹಿ ಬೇಕಾದಾಗ ಜಲ್ದಿ ಕರಿಸಬಹುದು."

ಸಂಡೂರು, ಕಂಪ್ಲಿ, ಚಿತ್ತವಾಡ್ಗಿ ಮೂರಕ್ಕೂ ಅನುಕೂಲವಾಗುವಂಥ ವರನೆಂದು ಸಭೆ ಸಂತೋಷ ವ್ಯಕ್ತಪಡಿಸಿತು. ಷೇರು ವರ್ಗಾವಣೆಯ ಸೌಕರ್ಯಕ್ಕಾಗಿ ನಡೆಯುವ ಪ್ರಥಮ ವಿವಾಹವೆಂಬ ಕೀರ್ತಿ ಬಳಗಕ್ಕೆ ಸಲ್ಲಬಹುದಿತ್ತು. ಆದರೆ ಆ ಹೊತ್ತಿಗೆ, ಸದಸ್ಯರಲ್ಲದ ಶ್ರೀಮತಿ ಗಾಳೆಮ್ಮನವರು (ಅರ್ಜಿದಾರಳ ತಾಯಿ) ಚಹಾದ ತಟ್ಟೆಯೊಂದಿಗೆ ಒಳಬಂದು, ಅದನ್ನು ಕೆಳಗಿಡದೆ ಮಾತನಾಡಿದರು:

"ಸಹಿಗೆ ಹುಡುಗಿ ಬೇಕಂತ ಕುಂತೀರಲ್ರಿ, ನನ್ ಹೆಬ್ಬಟ್ಟು ಸತ್ತೈತೇನು? ಎಲ್ಲಾ ನನ್ ಹೆಸರಿಗೆ ಬರಸ್ರಿ. ನನ್ ಮಗಳ ಕಾಗದ ನನ್ ಮಗಳಿಗೆ ಕೊಡ್ರಿ."

"ನಿನಗೇನು ತಿಳೀತದ ಷೇರು?" ಎಂದಿರಿ ತಾವು.

"ನಿಮಗ ತಿಳಿದು ಏನು ಬಂತು?"

ಸಭೆಯನ್ನು ಮುಂದೂಡಲಾಯಿತು. ತಟ್ಟೆ ವಾಪಸ್ಸು ಒಳಗೆ ಹೋಯಿತು.

7. ಮೇಲ್ಕಂಡ ಎಲ್ಲ ಕಾರಣಗಳಿಂದ, ನನ್ನ ಹೆಸರಿನಲ್ಲಿರುವ ಸಮಸ್ತ ಷೇರುಗಳನ್ನೂ ಶ್ರೀಮತಿ ಗಾಳೆಮ್ಮನವರ ಹೆಸರಿಗೆ ವರ್ಗಾಯಿಸುವ ಪತ್ರಗಳಿಗೆ ಸಹಿ ಹಾಕಿ ಲಗತ್ತಿಸಿದ್ದೇನೆ. ಒಂದೂ ಉಳಿಸಿಕೊಂಡಿಲ್ಲ. ಮುಂದೆ ತ್ರಿಲೋಕ ಡಿಸ್ಕೆಟ್ಸ್ ಆಕಾಶಕ್ಕೇರಿದರೂ ನನ್ನ ಹಕ್ಕು ಇರುವುದಿಲ್ಲ. ಏರಬೇಕಾದರೆ ಮೊದಲು ಅದು ಕಾರ್ಖಾನೆ ಕಟ್ಟಬೇಕಾಗುತ್ತದೆ. ವರ್ಗಾವಣೆ ಪಡೆದವರು ಅವನ್ನು ಏನು ಮಾಡುವರೆಂಬುದು ಅರ್ಜಿದಾರಳ ವ್ಯಾಪ್ತಿಗೆ ಬರುವುದಿಲ್ಲ. "ನನ್ ಹೆಸರಿಗೆ ಬಂದ ದಿನಾನ ಮಾರಿ ಒಂದು ಎಮ್ಮಿ ತರ್ತೀನಿ, ಅದು ಸತ್ತರೂ ಚರ್ಮ ಉಳೀತದ" ಎಂದು ಅವರು ಒಲೆಯ ಮುಂದೆ ಹೇಳಿದ್ದನ್ನು ಮಾಹಿತಿಗಾಗಿ ಮಾತ್ರ ತಿಳಿಸಲಾಗಿದೆ.

8. ಇನ್ನೊಂದು ಅಂಶ. ಅಂಕಪಟ್ಟಿಗಳು ಆ ಪೆಟ್ಟಿಗೆಗೆ ಹೋದದ್ದು ದುರುದ್ದೇಶದಿಂದಲ್ಲವೆಂದು ನಾನು ಬಲ್ಲೆ. ಬಿ.ಎಸ್ಸಿ. ಫಲಿತಾಂಶ ಬಂದ ದಿನ ತಾವು ಕೈ ತೊಳೆದು, ಟವೆಲಿನಿಂದ ಒರೆಸಿಕೊಂಡು, ಅವನ್ನು ಎರಡೂ ಕೈಯಿಂದ ಹಿಡಿದು ನೋಡಿದಿರಿ. ಅಕ್ಷರಗಳು ಇಂಗ್ಲಿಷಿನವು, ತಾವು ಹಿಡಿದದ್ದು ತಲೆಕೆಳಗಾಗಿತ್ತು, ನಾನು ಹೇಳಲಿಲ್ಲ. ಆಮೇಲೆ ಪೆಟ್ಟಿಗೆ ತೆರೆದು, ಷೇರುಗಳನ್ನೆಲ್ಲ ಎತ್ತಿ, ಎಲ್ಲದರ ಕೆಳಗೆ ಅವನ್ನು ಇಟ್ಟು, "ಇದರ ಧಾರಣಿ ಇಳ್ಯಂಗಿಲ್ಲ" ಎಂದಿರಿ. ಬಳಗದ ಇತಿಹಾಸದಲ್ಲಿ ಅಧ್ಯಕ್ಷರು ನುಡಿದ ಭವಿಷ್ಯಗಳ ಪೈಕಿ ಸರಿಯಾದದ್ದು ಇದೊಂದೇ ಆಗಿರುವುದರಿಂದ, ಅದನ್ನು ಶುಕ್ರವಾರ ಸುಳ್ಳು ಮಾಡಬಾರದಾಗಿ ಕೋರಲಾಗಿದೆ. ಸೀಟು ಹೋದರೆ ಅದಕ್ಕೆ ಕೂಳೆ ಇಲ್ಲ.

ಆದ್ದರಿಂದ, ಬುಧವಾರ ಸಂಜೆಯೊಳಗೆ ಪೆಟ್ಟಿಗೆಯನ್ನು ತೆರೆದು, ಅಂಕಪಟ್ಟಿಗಳನ್ನು ಒದಗಿಸಿ, ಕೈಗುಣದ ಹುದ್ದೆಯನ್ನು ರದ್ದುಪಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಕುರೆಕುಪ್ಪದ ವರನಿಗೆ ಷೇರುಗಳೆಲ್ಲ ನನ್ನ ಕೈಬಿಟ್ಟುಹೋದ ವಿಷಯವನ್ನು ತಿಳಿಸಿದಲ್ಲಿ, ಆ ಸಂಬಂಧ ತಾನಾಗಿಯೇ ಮುರಿದುಬೀಳುವುದರಿಂದ, ಪ್ರತ್ಯೇಕ ಕ್ರಮದ ಅಗತ್ಯ ಬೀಳಲಾರದು.

ತಮ್ಮ ವಿಶ್ವಾಸಿ ಹಾಗೂ ಒಬ್ಬಳೇ ಮಗಳು,
(ಸಹಿ) ಉಚ್ಚೆಂಗಮ್ಮ

ಲಗತ್ತುಗಳು:
1. ಸಹಿ ಮಾಡಿದ ಷೇರು ವರ್ಗಾವಣೆ ಪತ್ರಗಳು, ಒಂದು ಕಟ್ಟು.
2. ವಿಶ್ವವಿದ್ಯಾಲಯದ ಪತ್ರದ ನಕಲು. ಕನ್ನಡದಲ್ಲಿ, ದೊಡ್ಡ ಅಕ್ಷರಗಳಲ್ಲಿ.
3. ಶ್ರೀಮತಿ ಗಾಳೆಮ್ಮನವರ ಒಪ್ಪಿಗೆಯ ಹೆಬ್ಬಟ್ಟು. (ಅರಿಶಿನದ ಕಲೆಯನ್ನು ಕಚೇರಿ ಮನ್ನಿಸತಕ್ಕದ್ದು.)

ಪ್ರತಿ: ಶ್ರೀ ಎರ್ರಿಯಪ್ಪ ಮತ್ತು ಶ್ರೀ ಪಾಲಪ್ಪನವರಿಗೆ, ಮುಂದಿನ ಭಾನುವಾರ ಪರಸ್ಪರರ ತಪ್ಪಿನ ಪಟ್ಟಿಯಲ್ಲಿ ಸೇರಿಸಿಕೊಳ್ಳಲು.

ವಿಶೇಷ ಸೂಚನೆ: ಗುರುವಾರ ಬೆಳಗಿನ ಗುಲ್ಬರ್ಗಾ ಬಸ್ಸಿಗೆ ನನ್ನ ಹಾಸಿಗೆ ಸುರುಳಿಯನ್ನು ಹೊತ್ತು ತರಲು ಒಬ್ಬರು ಬೇಕಾಗಿದ್ದಾರೆ. ನಿನ್ನೆ ಅವ್ವನ ಮಾತು ಕೇಳಿದ ಮೇಲೆ ಇಬ್ಬರು ಸದಸ್ಯರೂ, ಮನೆಗೆ ಹೊರಡುವ ಮುಂಚೆ, ತಾವಾಗಿ ಮುಂದೆ ಬಂದಿದ್ದಾರೆ. ಇಬ್ಬರಿಗೂ ಬೇಡವೆಂದು ಹೇಳಿ, ಸ್ಥಾನವನ್ನು ಖಾಲಿ ಇಟ್ಟಿದ್ದೇನೆ. ಇದಕ್ಕೆ ಅಧ್ಯಕ್ಷರು ಅರ್ಜಿ ಹಾಕಬೇಕಾಗಿಲ್ಲ, ಬಂದರೆ ಸಾಕು.