ಎರಡನೇ ಸಿಲಿಂಡರಿನ ಮೇಲೆ ಯಾರ ಕಣ್ಣು?

"ಮಮ್ಮಿ, ಅಂಬಾದಾಸ ಕಾಕಾ ಖರೇನ ಕಳ್ಳ ಅದಾನೇನ?"

ನನ್ನ ಮಗಳು ಪ್ರಾಜಕ್ತಾ ಈ ಪ್ರಶ್ನೆಯನ್ನು ಅಕ್ಕಲಕೋಟ ರಸ್ತೆಯ ಅಂಬಾದಾಸನ ಗ್ಯಾರೇಜಿನಲ್ಲಿ, ಅಂಬಾದಾಸನ ಎದುರಿಗೇ ಕೇಳಿದಳು. ಅವನು ನಮ್ಮ ಕಾರಿನ ಬಾನೆಟ್ಟಿನೊಳಗಿಂದ ತಲೆ ಎತ್ತಿ ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ. (ಸೋಲಾಪುರದ ಆಕಾಶದಲ್ಲಿ ಬಿಸಿಲು ಬಿಟ್ಟು ನೋಡುವಂಥದ್ದೇನೂ ಇಲ್ಲ; ಆದರೂ ನೋಡಿದೆ.)

ಮಗುವಿನ ತಪ್ಪೇನಿಲ್ಲ. ಮನೆಯಲ್ಲಿ ನಾನು ಆಡಿದ್ದನ್ನು ಗ್ಯಾರೇಜಿನಲ್ಲಿ ಒಪ್ಪಿಸಿತು, ಅಷ್ಟೇ.

ಕಾರು ಮೊದಲು ಅಕ್ಕಲಕೋಟದ ನನ್ನ ತಮ್ಮ ಸಿದ್ದೇಶ್ವರನದು. ಅವನು ಹೊಸ ಗಾಡಿ ಕೊಂಡಾಗ ಇದನ್ನು ನಮಗೆ ಮಾರಿದ. ಹೀಗೆ ನನ್ನ ತವರಿನ ಮಾನವೂ ನಾಲ್ಕು ಗಾಲಿಯ ಮೇಲೆ ಸೋಲಾಪುರಕ್ಕೆ ಬಂತು. ಮೊದಮೊದಲು ಎರಡೂ ಚೆನ್ನಾಗಿ ಓಡಿದವು. ಆಮೇಲೆ ತಿಂಗಳಿಗೊಮ್ಮೆ ಕಾರಿಗೆ ಚಳಿಜ್ವರ ಬರತೊಡಗಿತು. ನಿಂತಲ್ಲೇ ಗಡಗಡ ನಡುಗುವುದು, ಏರಿನಲ್ಲಿ ಬಿಕ್ಕಳಿಸುವುದು, ಸ್ಟೇರಿಂಗಿನ ಹಿಂದಿನ ಹಳದಿ ದೀಪ ನಾಚಿಕೆಯಿಲ್ಲದೆ ಕಣ್ಣು ಹೊಡೆಯುವುದು. ಅಂಬಾದಾಸ ತನ್ನ ಸ್ಕ್ಯಾನರ್ ಜೋಡಿಸಿ ಪ್ರತಿಸಲವೂ ಒಂದೇ ತೀರ್ಪು ಕೊಡುತ್ತಿದ್ದ: ನಾಲ್ಕು ಸಿಲಿಂಡರಿನಲ್ಲಿ ಮೂರು ದುಡಿಯುತ್ತಿವೆ, ಎರಡನೆಯದು ಕಿಡಿ ಹಿಡಿಯುತ್ತಿಲ್ಲ.

"ನಿನ್ನ ತಮ್ಮ ಮೂರ ಸಿಲಿಂಡರಿನ ಗಾಡಿ ನಾಕರ ಭಾವಕ್ಕ ಮಾರ್ಯಾನ," ಎಂದರು ನನ್ನ ಯಜಮಾನರು ಯೋಗಿರಾಜ. ಚಾದರದ ವ್ಯಾಪಾರಿಗಳು, ಹೆಂಡತಿಯ ತವರನ್ನೂ ಮಡಿಕೆ ಬಿಚ್ಚಿ ತೂತು ಹುಡುಕುತ್ತಾರೆ.

"ಅವನ ಕಡೆ ಇದ್ದಾಗ ಒಂದಿನಾ ಕೆಮ್ಮಿಲ್ಲರಿ ಅದು. ನಿಮ್ಮ ಅಂಬಾದಾಸನ ಏನೋ ಮಾಡಿ ಕಳಸ್ತಾನ. ತಿಂಗಳಾ ತಿಂಗಳಾ ಗಿರಾಕಿ ಬರಬೇಕಲ್ಲ! ಕಳ್ಳ!"

"ಅಂವಾ ನನ್ನ ಸಾಲಿ ಗೆಳ್ಯಾ. ಒಳಗ ನೀರು ಹೋಗೈತಿ ಅಂತ ಹೇಳ್ಯಾನ."

"ನೀರು? ನಮ್ಮ ನಳಕ್ಕ ನೀರ ಬಂದ್ರ ಓಣಿ ತುಂಬ ಹಬ್ಬ ಮಾಡತೀವಿ. ಎಂಜಿನ್ನಿಗೆ ಯಾವ ಟ್ಯಾಂಕರ ಬರತೈತ್ರಿ?"

ವಾದದಲ್ಲಿ ಸೋತ ಗಂಡಸು ಪ್ರತಿಜ್ಞೆ ಮಾಡುತ್ತಾನೆ. "ಐತವಾರ ನಿನ್ನ ತಮ್ಮನ ಕೂಸಿನ ತೊಟ್ಟಿಲ ಕಾರ್ಯ ಐತಲ್ಲ, ಅಲ್ಲೇ ಎಲ್ಲಾ ಬೀಗರ ಮುಂದ ಗಾಡಿ ಚಾವಿ ಅವನ ಕೈಯಾಗ ಇಟ್ಟು, ಬಸ್ಸಿಗೆ ವಾಪಸ್ ಬರತೀನಿ."

ತೊಟ್ಟಿಲ ಮುಂದೆ ತವರಿನ ಮಾನಹರಾಜು! ಹಾಗಾಗಿ ಈ ಸಲ ಗಾಡಿಯ ಜೊತೆ ಗ್ಯಾರೇಜಿಗೆ ನಾನೇ ಹೊರಟೆ. ಹೊರಡುವ ಮುನ್ನ ಎಂಜಿನ್ನಿನ ಮೇಲೆ ಬಿಚ್ಚಬಹುದಾದ ಜಾಗಕ್ಕೆಲ್ಲ ಉಗುರುಬಣ್ಣದ ಚುಕ್ಕೆ ಇಟ್ಟೆ. ಯಾರು ಕೈ ಹಾಕಿದರೂ ಗೊತ್ತಾಗಬೇಕು. (ಗುಪ್ತಚರ ಇಲಾಖೆಯವರು ಅಡುಗೆಮನೆಗಳನ್ನು ಯಾಕೆ ಹುಡುಕುವುದಿಲ್ಲವೋ!) ಯಜಮಾನರೂ ಅಂಗಡಿ ಬಿಟ್ಟು ಬಂದರು, ಗೆಳೆಯನ ರಕ್ಷಣೆಗೆ.

"ಕಳ್ಳ ಅಂದ್ರ ಕಳ್ಳ, ಇರಲಿ," ಎಂದ ಅಂಬಾದಾಸ ಕೈ ಒರೆಸಿಕೊಳ್ಳುತ್ತ. ಗೆಳೆಯನ ಹೆಂಡತಿ ಅವನಿಗೆ ವೈನಿ, ಅಂದರೆ ಅತ್ತಿಗೆ. "ವೈನಿ, ಇಕಡೆ ಬರ್ರಿ. ನಿಮ್ಮ ಕಣ್ಣ ಮುಂದನ ಬಿಚ್ಚತೀನಿ. ಇದು ಕಾಯಿಲ್, ಪ್ಲಗ್ಗಿಗೆ ಕರಂಟ ಕೊಡತೈತಿ. ಎರಡನೇದ್ದು ತಗದು ಮೂರನೇದಕ್ಕ ಹಾಕಿ ನೋಡೂಣು. ರೋಗಾನೂ ಮೂರಕ್ಕ ಹೋತಂದ್ರ ಕಾಯಿಲ್ ಕೆಟ್ಟೈತಿ ಅಂತ ಅರ್ಥ."

ಬದಲಾಯಿಸುವ ಪ್ರಸಂಗವೇ ಬರಲಿಲ್ಲ. ಎಳೆದ ಕಾಯಿಲಿನ ತುದಿ ತೊಯ್ದು ತೊಟ್ಟಿಕ್ಕುತ್ತಿತ್ತು.

"ನೋಡ್ರಿ, ನೀರು!"

"ನೀವ ಹಾಕೀರಿ!"

"ನಿಮ್ಮ ಚುಕ್ಕಿ ಈಗ ನಿಮ್ಮ ಮುಂದ ಒಡದೀನಲ್ರಿ ವೈನಿ. ಮದಲ ಹೆಂಗ ಹಾಕಲಿ?"

ನನ್ನ ಬೇಹುಗಾರಿಕೆಯೇ ಅವನಿಗೆ ಸಾಕ್ಷಿ ಹೇಳಿತು. ಅವನು ತುದಿಯನ್ನು ಮೂಸಿದ. "ಪೆಟ್ರೋಲ್ ಅಲ್ಲ. ಕೆಂಪಗ ಅಂಟತೈತಿ. ಯೋಗ್ಯಾ, ಈ ಬಿಳೀದು ಏನೋ?"

ಯಜಮಾನರು ಕನ್ನಡಕ ಏರಿಸಿದರು. "ಕೊಬ್ಬರಿ ಇದ್ದಂಗ ಕಾಣತೈತಿ."

ಪ್ರಾಜಕ್ತಾ ಕುಣಿದಳು. "ಮಮ್ಮಿದು! ಅಮಾಸಿಗೆ ಮಮ್ಮಿ ಗಾಡಿ ಬಾಯಿ ತಗದು ಕಾಯಿ ನೀರ ಕುಡಸತಾಳ!"

ಏನು ಹೇಳಲಿ? ಅಮಾವಾಸ್ಯೆಗೆ ಗಾಡಿಪೂಜೆ ನಮ್ಮ ಕಡೆ ಎಲ್ಲರೂ ಮಾಡುತ್ತಾರೆ. ಬಾನೆಟ್ಟಿಗೆ ಕುಂಕುಮ, ಗಾಲಿಯ ಮುಂದೆ ಕಾಯಿ, ಮುಗಿಯಿತು. ಆದರೆ ತವರಿನ ಗಾಡಿಗೆ ಅಷ್ಟು ಮೇಲೆಮೇಲಿನ ಪೂಜೆ ಸಾಕೆ? ಯಜಮಾನರು ಏಳುವ ಮೊದಲೇ ಬಾನೆಟ್ ಎತ್ತಿ ಎಂಜಿನ್ನಿಗೇ ಅಭಿಷೇಕ ಮಾಡುತ್ತಿದ್ದೆ. ಮೇಲೆ ಸಾಲಾಗಿ ತಗ್ಗುಗಳಿದ್ದವು; ನನ್ನ ಕೈಗೆ ಹತ್ತಿರದ್ದು ಎರಡನೆಯದು. ತೀರ್ಥ ನಿಲ್ಲಲೆಂದೇ ಕಂಪನಿಯವರು ಕೊಟ್ಟಂತಿದ್ದವು. ಜ್ವರ ಶುರುವಾದ ಮೇಲೆ, ಯಾರದೋ ಕೆಟ್ಟ ಕಣ್ಣು ಬಿದ್ದಿದೆಯೆಂದು ಕಾಯಿ ಎರಡಾದವು. ಈ ಸಲ ಕುಂಕುಮವನ್ನೂ ಕಲಸಿದ್ದೆ.

"ಆದ್ರ ಅದು ನೀರಲ್ಲರಿ," ಎಂದೆ, ಉಳಿದಿದ್ದ ಒಂದೇ ವಾದವನ್ನು ಎತ್ತಿಕೊಂಡು. "ತೀರ್ಥ."

"ಸಿಲಿಂಡರಿಗೆ ಅಷ್ಟು ಭಕ್ತಿ ಇರಂಗಿಲ್ಲರಿ ವೈನಿ."

ಯಜಮಾನರ ಮುಖ ದೀಪಾವಳಿಯಾಗಿತ್ತು. "ಪಾಪ, ಸಿದ್ದೇಶ್ವರ ಚಲೋ ಗಾಡಿನ ಕೊಟ್ಟಾನ. ಐತವಾರ ಎಲ್ಲಾ ಬೀಗರ ಮುಂದ ಅದನ್ನ ಹೇಳತೀನಿ. ಕಾರಣಾ ಸಹಿತ!"

ತವರಿನ ಮಾನ ಉಳಿಯಿತು. ನನ್ನದು ಎರಡನೇ ಸಿಲಿಂಡರಿನಲ್ಲಿ ಮುಳುಗಿತು.

ಅಂಬಾದಾಸ ಗಾಳಿ ಹೊಡೆದು ತಗ್ಗನ್ನು ಒಣಗಿಸಿದ, ಹೊಸ ಪ್ಲಗ್ ಕೂರಿಸಿದ. ಗಾಡಿ ಹಾಲು ಕುಡಿದ ಕೂಸಿನಂತೆ ಸುಮ್ಮನಾಯಿತು. ನಾನು ಕಾರಿನಲ್ಲಿ ಕೂತು, ಕಳ್ಳ ಅಂದದ್ದಕ್ಕೆ ತಪ್ಪಾಯಿತು ಎಂದು ಸಣ್ಣ ದನಿಯಲ್ಲಿ ಹೇಳಿದೆ. ಅವನು ಕಿಟಕಿಗೆ ಬಾಗಿ, ಗೆಳೆಯನಿಗೆ ಕೇಳದಂತೆ ಇನ್ನೂ ಸಣ್ಣ ದನಿಯಲ್ಲಿ ಅಂದ:

"ಅದೆಲ್ಲಾ ಬಿಡ್ರಿ ವೈನಿ. ನಂದೊಂದು ಸಣ್ಣ ಕೆಲಸ ಮಾಡಿ ಕೊಡ್ರಿ. ನಿಮ್ಮ ಓಣ್ಯಾಗ ಮನಿಗೊಂದು ಗಾಡಿ ಐತಿ. ಆ ಹೆಣ್ಮಕ್ಕಳಿಗೂ ಈ ಪೂಜಾ ಒಂದೀಟ ಕಲಿಸ್ರಲ್ಲ."