ಇಷಾಡ ಹಣ್ಣಿಗೆ ಹದಿನಾಲ್ಕು ಕಲಮು

ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲ. ಮನೆಯಲ್ಲಿ ಉದ್ಯಮ ನಡೆಸುವವರಿಗೆ ನೆರವು ಕೊಡಲು ಮುಂಬಯಿ ಶಾಸನಸಭೆಯಲ್ಲಿ ಕಾಯಿದೆ ಬರಲಿದೆ, ಸಲಹೆ ಕೇಳಲು ಸದಸ್ಯರೊಬ್ಬರು ಭಾನುವಾರ ಅಂಕೋಲೆಗೆ ಬರುತ್ತಾರೆ ಎಂದು ಸುದ್ದಿಯಾಯಿತು. ಕಾರವಾರದ ಕಚೇರಿಯಲ್ಲಿ ಮೂವತ್ತು ವರ್ಷ ಕಾರಕೂನನಾಗಿದ್ದು ನಿವೃತ್ತನಾದ ನನಗಿಂತ ಯೋಗ್ಯ ಸಲಹೆಗಾರ ಯಾರಿದ್ದಾರೆ? ಎರಡೇ ದಿನದಲ್ಲಿ ಹದಿನಾಲ್ಕು ಕಲಮುಗಳ ಮಸೂದೆ ಸಿದ್ಧ!

ಪ್ರಯೋಗಕ್ಕೆ ಮನೆಯಲ್ಲೇ ಉದ್ಯಮವಿತ್ತು. ಮಾವಿನ ಹಣ್ಣಿನ ಹಪ್ಪಳ ಕಳಿಸಿ ಎಂದು ಕಾರವಾರದ ಅಂಗಡಿಯವರೊಬ್ಬರು ನನ್ನ ಹೆಂಡತಿ ದೇವಕಿಗೆ ಮೊದಲ ಸಲ ಹೇಳಿದ್ದರು. ಅವಳು ಹಿಗ್ಗಿನಿಂದ ಎರಡು ಬುಟ್ಟಿ ನಮ್ಮ ಅಂಕೋಲೆಯ ಇಷಾಡ ಮಾವಿನ ಹಣ್ಣು ತರಿಸಿದ್ದಳು. ಬುಧವಾರ ರಸ ಹಿಂಡಲು ಕುಳಿತಾಗ ತಡೆದೆ.

"ನಾಲ್ಕನೆಯ ಕಲಮು. ಕಚ್ಚಾಮಾಲಿನ ತಪಾಸಣೆಯಾಗದೆ ಉದ್ಯಮ ಆರಂಭಿಸಕೂಡದು."

"ತಪಾಸಣೆ ಮಾಡೂರು ಯಾರು?"

"ಸದಸ್ಯರು. ಭಾನುವಾರ."

"ಇಷಾಡ ಅಲ್ಲೀವರೆಗೆ ತಡೀತದೇನ್ರಿ? ಸಿಪ್ಪೆ ಎಷ್ಟು ತೆಳು ನೋಡಿ!"

"ಹಣ್ಣಿನ ಅವಸರಕ್ಕೆ ಕಾಯಿದೆ ಓಡುವುದಿಲ್ಲ," ಎಂದು ಬುಟ್ಟಿಗಳನ್ನು ಕೋಣೆಗೆ ಸೇರಿಸಿ, ಬೀಗ ಹಾಕಿ, ಅರಗಿನ ಮುದ್ರೆಯನ್ನೂ ಒತ್ತಿದೆ. ದೇವಕಿ ಮಾತಾಡಲಿಲ್ಲ. ಸಮ್ಮತಿ ಎಂದು ಬರೆದುಕೊಂಡೆ!

ಶುಕ್ರವಾರ ಬಾಗಿಲ ಸಂದಿಯಿಂದ ಪರಿಮಳ ಬಂತು. ಶನಿವಾರ ಬಂದದ್ದನ್ನು ಪರಿಮಳ ಎನ್ನಲಾಗದು.

"ಕಾರಕೂನರೇ, ಎಲ್ಲಾದ್ರೂ ಇಲಿ ಸತ್ತದೇನು?" ಎಂದ ಪಕ್ಕದ ಮನೆಯ ಬೊಮ್ಮಯ್ಯ.

ಭಾನುವಾರ ಸದಸ್ಯರು ಬಂದರು; ನೇರ ನಮ್ಮ ಮನೆಗೇ ಕರೆತಂದೆ. ಹದಿನಾಲ್ಕೂ ಕಲಮು ಓದಿ, ಗಂಭೀರವಾಗಿ ಮುದ್ರೆ ಒಡೆದೆ. ಮೊದಲು ಹೊರಬಂದದ್ದು ನೊಣಗಳು. ಸದಸ್ಯರು ಶಲ್ಯದಿಂದ ಮೂಗು ಮುಚ್ಚಿಕೊಂಡು ಕೇಳಿದರು:

"ಈ ಕಾಯಿದೆಯಿಂದ ಯಾರಿಗೆ ಅನುಕೂಲ?"

"ನೊಣಕ್ಕೆ," ಎಂದಳು ದೇವಕಿ ಒಳಗಿನಿಂದ.

ಸದಸ್ಯರು ನಕ್ಕರು. ಅವಳು ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ಕಂಡಿತು. ನನಗೆ ನಿಜವಾಗಿ ನಾಚಿಕೆಯಾಯಿತು.

ಸಂಜೆ ಬೊಮ್ಮಯ್ಯನ ಕೈಕಾಲು ಹಿಡಿದು ಅವನ ಮರದ ಕೊನೆಯ ಹಣ್ಣುಗಳನ್ನು ಹೊತ್ತು ತಂದೆ. ಮರುದಿನವೇ ದೇವಕಿ ರಸ ಹಿಂಡಿ ಚಾಪೆಯ ಮೇಲೆ ಹರಡಿದಳು.

"ನಾನೇನು ನೆರವು ಕೊಡಲಿ?" ಎಂದೆ ಮೆಲ್ಲಗೆ.

ಒಂದು ಕೋಲು ಕೊಟ್ಟಳು. "ಕಾಗೆ ಓಡಿಸಿ."

ನಾಲ್ಕು ದಿನ ಅಂಗಳದಲ್ಲಿ ಕುಳಿತು ಓಡಿಸಿದೆ. ಮಸೂದೆಯೂ ವ್ಯರ್ಥವಾಗಲಿಲ್ಲ. ಅದರ ಹಾಳೆಗಳಲ್ಲೇ ಹಪ್ಪಳ ಸುತ್ತಿ ಕಾರವಾರಕ್ಕೆ ಕಳಿಸಿದೆವು. ವಾರದಲ್ಲಿ ಅಂಗಡಿಯವರ ಚೀಟಿ ಬಂತು. ದೇವಕಿ ನನ್ನಿಂದಲೇ ಗಟ್ಟಿಯಾಗಿ ಓದಿಸಿದಳು:

"ಹಪ್ಪಳ ಬಹಳ ರುಚಿ. ಬರುವ ವರ್ಷ ಇಮ್ಮಡಿ ಕಳಿಸಿರಿ. ಸುತ್ತಲು ಮಾತ್ರ ಬರೆಯದ ಕಾಗದ ಬಳಸಿರಿ. ನಾಲ್ಕನೆಯ ಕಲಮು ಹಪ್ಪಳಕ್ಕೆ ಅಂಟಿಕೊಂಡಿತ್ತು."