ಹುಳ ಬಿಟ್ಟ ಬದನೆ

ತಟ್ಟೆಯ ಮುಂದೆ ಕುಳಿತು ಹೆದರುವುದು ಹೊಟ್ಟೆ ತುಂಬಿದವರ ಹವ್ಯಾಸ ಎಂದು ನನ್ನ ಹೆಂಡತಿ ಶೋಭಾ ಹೇಳುತ್ತಾಳೆ. ಹೇಳುವುದು ನನ್ನನ್ನು ನೋಡಿಕೊಂಡೇ. ಮೊಬೈಲಿಗೆ ಯಾರೋ ಕಳಿಸಿದ ಎಚ್ಚರಿಕೆಯನ್ನು ಓದಿದಂದಿನಿಂದ, ಹುಳ ಮುಟ್ಟದ ಬದನೆ ಎಂದರೆ ಪ್ರಯೋಗಾಲಯದಲ್ಲಿ ಹುಟ್ಟಿದ ಕುಲಾಂತರಿಯೇ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಹುಳಕ್ಕೇ ಬೇಡವಾದದ್ದು ನನಗೇಕೆ? ನಾನು ತೂತಿನ ಬದನೆಯನ್ನೇ ಆರಿಸುವುದನ್ನು ಕಂಡು ನಮ್ಮ ಬಡಾವಣೆ ವರ್ತಕ ನಗರದ ತರಕಾರಿಯವನು ಬಿಸಾಡಲು ಇಟ್ಟ ಬುಟ್ಟಿಯನ್ನೇ ಪ್ರೀತಿಯಿಂದ ನನ್ನ ಮುಂದೆ ತಳ್ಳತೊಡಗಿದ್ದ.

ಹೀಗಿರುವಾಗ ಡೊಂಬಿವಲಿಯಿಂದ ಮಾವ ಬಂದರು. ಉಡುಪಿ ಕಡೆಯವರು. ಜ್ವರ ಬಿಟ್ಟು ವಾರಗಳಾದರೂ ಊಟ ಸೇರುತ್ತಿರಲಿಲ್ಲ, ಮೈ ಇಳಿದುಹೋಗಿತ್ತು. ಅಂಥವರು ಒಂದು ಬೆಳಿಗ್ಗೆ ತಾವಾಗಿಯೇ, "ಬದನೆ ಹುಳಿ ಮಾಡು ಮಗಾ, ಎರಡು ತುತ್ತು ಹೋದೀತು" ಎಂದರು. ಶೋಭಾಳ ಕಣ್ಣು ತುಂಬಿತು. ನಾನು ಚೀಲ ಹಿಡಿದು ಓಡಿದೆ. ತಂದು ಹೆಚ್ಚಿದರೆ ಒಂದೊಂದು ಬದನೆಯೊಳಗೂ ಒಂದೊಂದು ಸಂಸಾರ! ಬೇಳೆ ಬೆಂದಿತ್ತು, ಮಸಾಲೆ ಅರೆದಾಗಿತ್ತು, ಹಾಕಲು ಒಂದು ಹೋಳೂ ಉಳಿಯಲಿಲ್ಲ. "ಇರಲಿ, ಮಜ್ಜಿಗೆ ಸಾಕು" ಎಂದು ಮಾವ ಗೋಡೆಗೆ ತಿರುಗಿ ಮಲಗಿದರು. ಶೋಭಾ ಬೈಯಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಎದುರು ಮನೆಯ ಗಂಗಕ್ಕ ಧಾರವಾಡದವರು. ಸುದ್ದಿ ಕಿವಿಗೆ ಬಿದ್ದದ್ದೇ ಪಾತ್ರೆ ಸಮೇತ ಬಂದರು. "ಅಯ್ಯ, ಹಿರಿಯಾರು ಹಸಕೊಂಡು ಮಲಗೂದೇನ್ರಿ? ಎಣಗಾಯಿ ಮಾಡೀನಿ, ತಗೋರಿ." ಇಡಿಯಾಗಿ ಬೆಂದ ಬದನೆಗಳು, ಒಂದಕ್ಕೂ ತೂತಿಲ್ಲ. ನಾನು ಕೆಮ್ಮಿದೆ. ಮೊಬೈಲು ನೋಡುತ್ತಿದ್ದ ಮಗಳು, "ಪಪ್ಪಾ, ವೋ ವಾಲಾ ಬೈಂಗನ್ ಇಂಡಿಯಾ ಮೇ ಬೇಚ್‌ನೇ ಕಾ ಪರ್ಮಿಷನ್ ಹೀ ನಹೀಂ ಹೈ" ಎಂದಳು. ಈ ದೇಶದಲ್ಲಿ ಮಾರಲು ಅನುಮತಿಯೇ ಇಲ್ಲದ ಕುಲಾಂತರಿ ಬದನೆಗೆ ನಾನು ಇಷ್ಟು ದಿನ ಹೆದರಿದ್ದೆ!

"ಹಾಗಾದರೆ ಇದರಲ್ಲಿ ಹುಳ ಯಾಕಿಲ್ಲ?" ಎಂದು ಬಿಡದೆ ಕೇಳಿದೆ.

ಮಾವ ಎರಡನೆಯ ಬದನೆಗೆ ಕೈ ಹಾಕಿದ್ದರು. "ಮದ್ದು ಹೊಡೀತಾರೆ ಮಾರಾಯ. ಹುಳ ಸಾಯ್ತದೆ, ಮಿಕ್ಕಿದ ಮದ್ದು ತೋಡಿಗೆ ಇಳಿದು ಮೀನೂ ಸಾಯ್ತದೆ. ಆ ಮದ್ದು ಹೊಡೆಯುವ ಪಂಪು ಮಾಡುವವರು ಯಾರು, ನಾನಾ?"

ರಬಾಳೆಯ ಕಾರ್ಖಾನೆಯಲ್ಲಿ ಆ ಪಂಪುಗಳನ್ನು ಒಂದೊಂದಾಗಿ ಪರೀಕ್ಷಿಸಿ ಪಾಸು ಮಾಡುವವನು ನಾನು. ನಮ್ಮ ಮನೆಯ ಅಕ್ಕಿ ಬರುವುದು ಅದರಿಂದಲೇ. ನಾಚಿಕೆಯಾಯಿತು, ನಿಜ. ಆದರೆ ಮಾವ ಬೆರಳು ನೆಕ್ಕುತ್ತ ಇನ್ನಷ್ಟು ಅನ್ನ ಕೇಳುವುದನ್ನು ನೋಡಿ ಸಂತೋಷವೇ ಹೆಚ್ಚಾಯಿತು. ಗಂಗಕ್ಕನಿಗೂ, ಬಾಯಿಗೆ ಬಟ್ಟೆ ಕಟ್ಟಿ ನಮ್ಮ ಪಂಪು ಬೆನ್ನಿಗೇರಿಸಿ ಆ ಬದನೆ ಬೆಳೆದವರಿಗೂ ಮನಸ್ಸಿನಲ್ಲೇ ಕೈ ಮುಗಿದೆ.

ಶೋಭಾ ಪಾತ್ರೆ ಹಿಡಿದು, "ನಿಮಗೆ ಬೇಡವಲ್ಲ?" ಎಂದಳು.

ತಟ್ಟೆ ಒಡ್ಡಿದೆ. ನಾನೇ ಪಾಸು ಮಾಡಿದ್ದನ್ನು ನಾನೇ ಬೇಡವೆನ್ನುವುದು ಹೇಗೆ?